ಜಾಕೆಟ್ಟಿನ ಒಳಗೇನಿದೆ?

ನಮ್ಮ ಅಜ್ಜಿಯಂದಿರು ರವಿಕೆಗೆ ‘ಜಾಕೀಟು’ ಎನ್ನುತ್ತಿದ್ದರು. ಗಂಡಸರು ಚಳಿಗೆ ತೊಡುವುದೂ ಜಾಕೆಟ್ಟೇ. ಬಟ್ಟೆಯ ಈ ಹೆಸರು ಪುಸ್ತಕದ ಹೊದಿಕೆಗೂ, ಎಂಜಿನ್ನಿಗೂ, ಬಂದೂಕಿನ ಗುಂಡಿಗೂ ಅಂಟಿಕೊಂಡದ್ದು ಹೇಗೆ?

ಪದದ ಬೇರು ಫ್ರಾನ್ಸಿನಲ್ಲಿದೆ. ಅಲ್ಲಿ ‘ಝಾಕ್’ ಎಂಬುದು ಬಡ ರೈತನಿಗೆ ಸಿರಿವಂತರು ಇಟ್ಟ ಅಡ್ಡಹೆಸರು. 1358ರ ರೈತರ ದಂಗೆಗೆ ‘ಝಾಕೆರಿ’ ಎಂಬ ಹೆಸರು ಬಂದದ್ದೂ ಇದರಿಂದಲೇ. ಸಾಮಾನ್ಯರು ತೊಡುತ್ತಿದ್ದ ಗಿಡ್ಡ ಅಂಗಿಗೂ ಈ ಹೆಸರೇ ಅಂಟಿತೆಂದು ಭಾಷಾತಜ್ಞರು ಊಹಿಸುತ್ತಾರೆ.

ಮುಂದೆ ಈ ಅಂಗಿ ಯಂತ್ರಗಳ ಮೈಯೇರಿತು. ಹಳೆಯ ಉಗಿ ಎಂಜಿನ್ನಿನಲ್ಲಿ ಸಿಲಿಂಡರನ್ನು ಪ್ರತಿ ಸಲವೂ ತಣ್ಣೀರಿನಿಂದ ತಣಿಸಿ, ಮತ್ತೆ ಕಾಯಿಸಬೇಕಿತ್ತು. ಉರುವಲು ವ್ಯರ್ಥವಾಗುತ್ತಿತ್ತು. ಉಗಿಯನ್ನು ಬೇರೆಡೆ ತಣಿಸಿ, ಸಿಲಿಂಡರನ್ನು ಸದಾ ಬಿಸಿಯಾಗಿಡುವ ಉಪಾಯಕ್ಕೆ ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ. ಸಿಲಿಂಡರಿನ ಸುತ್ತಲಿನ ಆ ಉಗಿಯ ಕವಚವೇ ‘ಸ್ಟೀಮ್ ಜಾಕೆಟ್’. ಮೋಟಾರು ಕಾರಿನ ‘ವಾಟರ್ ಜಾಕೆಟ್’ ಮಾಡುವುದು ಇದಕ್ಕೆ ತದ್ವಿರುದ್ಧ ಕೆಲಸ: ಅದು ಶಾಖವನ್ನು ಹೊರಗೆ ಸಾಗಿಸುತ್ತದೆ.

ಜಾಕೆಟ್ಟು ಪ್ರಾಣವನ್ನೂ ಉಳಿಸಿತು. 1861ರ ಫೆಬ್ರವರಿ 9ರಂದು ಇಂಗ್ಲೆಂಡಿನ ವಿಟ್ಬಿ ಬಂದರಿನ ಬಳಿ, ಬಿರುಗಾಳಿಗೆ ಸಿಕ್ಕ ನಾವಿಕರನ್ನು ಕಾಪಾಡಲು ಹೋದ ದೋಣಿಯೇ ಮಗುಚಿತು. 13 ಮಂದಿಯಲ್ಲಿ 12 ಮಂದಿ ಸತ್ತರು. ಬದುಕಿದ ಹೆನ್ರಿ ಫ್ರೀಮನ್ ಕಾರ್ಕಿನ ಹೊಸ ಬಗೆಯ ‘ಲೈಫ್ ಜಾಕೆಟ್’ ತೊಟ್ಟಿದ್ದ.

ಇನ್ನು ಬಂದೂಕಿನ ಗುಂಡು. ಹೊಸ ರೈಫಲ್ಲುಗಳ ವೇಗವನ್ನು ಮೆತ್ತನೆಯ ಸೀಸ ತಾಳದು. ಹಾಗಾಗಿ 1880ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ಅದಕ್ಕೆ ತಾಮ್ರದ ಜಾಕೆಟ್ ತೊಡಿಸಿದ. ಇಂಥ ಗುಂಡು ದೇಹವನ್ನು ನೇರವಾಗಿ ತೂರಿ ಹೋಗುತ್ತಿತ್ತು. ವಾಯವ್ಯ ಗಡಿಯಲ್ಲಿ ಹೋರಾಡುತ್ತಿದ್ದ ಬ್ರಿಟಿಷರಿಗೆ ಅಷ್ಟು ಗಾಯ ಸಾಲದೆನಿಸಿತು. 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಡಮ್‌ಡಮ್ ಕಾರ್ಖಾನೆಯಲ್ಲಿ ಗುಂಡಿನ ತುದಿಯ ಕವಚ ತೆಗೆದರು. ಮೈಯೊಳಗೆ ಹೊಕ್ಕೊಡನೆ ಸೀಸ ಅಣಬೆಯಂತೆ ಅರಳಿ ಮಾಂಸ, ಮೂಳೆಗಳನ್ನು ಸೀಳುತ್ತಿತ್ತು.

1899ರ ಹೇಗ್ ಸಮ್ಮೇಳನ ಅಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬ್ರಿಟನ್ ಒಪ್ಪಿದ್ದು 1907ರಲ್ಲಿ.

ಉಳಿದೆಡೆ ಜಾಕೆಟ್ಟು ಕಾಯುವುದು ತನ್ನ ಒಳಗಿರುವುದನ್ನು. ಗುಂಡಿಗೆ ಪೂರ್ತಿ ಜಾಕೆಟ್ಟಿರಬೇಕೆಂದು ಜಗತ್ತು ಹಟ ಹಿಡಿದದ್ದು ಮಾತ್ರ, ಹೊರಗೆ ಎದುರಿಗೆ ನಿಂತ ಮನುಷ್ಯನಿಗಾಗಿ.