ಕರ್ಬ್ ತೂಕ ಮತ್ತು ಕ್ಯಾರವಾನ್ ಎಳೆಯುವಿಕೆ

ಕರ್ಬ್ ತೂಕ ಎಂಬುದು ಪ್ರಯಾಣಿಕರನ್ನಾಗಲಿ ಸರಕನ್ನಾಗಲಿ ಹೊರದೆ, ರಸ್ತೆಗಿಳಿಯಲು ಸಿದ್ಧವಾಗಿ ನಿಂತಿರುವ ಕಾರಿನ ತೂಕವಾಗಿದೆ. ಇಂಧನ, ಎಂಜಿನ್ ಆಯಿಲ್, ಕೂಲೆಂಟ್ ಹಾಗೂ ಕಾರಿನೊಂದಿಗೆ ಬರುವ ಉಪಕರಣಗಳ ತೂಕ ಇದರಲ್ಲಿ ಸೇರಿರುತ್ತದೆ. ಮಲಗುವ ಮತ್ತು ಅಡುಗೆ ಮಾಡುವ ಸೌಕರ್ಯಗಳಿದ್ದು, ಸ್ವಂತ ಎಂಜಿನ್ ಇಲ್ಲದ ಟ್ರೈಲರ್ ಕ್ಯಾರವಾನ್‌ಗಳನ್ನು ಕಾರಿಗೆ ಜೋಡಿಸಿ ಪ್ರವಾಸ ಹೋಗುವುದು ಬ್ರಿಟನ್‌ನಲ್ಲಿ ರೂಢಿಯಲ್ಲಿದೆ. ಒಂದು ಕಾರು ಎಷ್ಟು ಭಾರದ ಕ್ಯಾರವಾನನ್ನು ಸುರಕ್ಷಿತವಾಗಿ ಎಳೆಯಬಲ್ಲದು ಎಂಬ ಲೆಕ್ಕ ಕಾರಿನ ಕರ್ಬ್ ತೂಕದಿಂದಲೇ ಆರಂಭವಾಗುತ್ತದೆ. ಆದರೆ ಈ ತೂಕಕ್ಕೆ ಒಂದಕ್ಕಿಂತ ಹೆಚ್ಚು ವ್ಯಾಖ್ಯಾನಗಳಿವೆ. ಕಾರಿನ ದಾಖಲೆಗಳಲ್ಲಿ ಮುದ್ರಿತವಾಗಿರುವ ಸಂಖ್ಯೆಯೂ ಅದರ ನಿಜವಾದ ತೂಕವೂ ಒಂದೇ ಆಗಿರಬೇಕೆಂದಿಲ್ಲ. ಆದ್ದರಿಂದ ಕಾರನ್ನು ವೇಬ್ರಿಡ್ಜ್‌ನಲ್ಲಿ ತೂಗಿಸುವುದೇ ಅದರ ತೂಕವನ್ನು ತಿಳಿಯಲು ಅತ್ಯಂತ ವಿಶ್ವಾಸಾರ್ಹ ಮಾರ್ಗವಾಗಿದೆ.

ತೂಕದ ಮಹತ್ವ

ಕಾರು ಮತ್ತು ಕ್ಯಾರವಾನ್ ಟೋ ಬಾಲ್ ಎಂಬ ಒಂದೇ ಬಿಂದುವಿನಲ್ಲಿ ಜೋಡಣೆಗೊಂಡಿರುತ್ತವೆ. ಅಡ್ಡಗಾಳಿ, ಪಕ್ಕದಲ್ಲಿ ಹಾದುಹೋಗುವ ಲಾರಿಯ ಗಾಳಿಯೊತ್ತಡ ಅಥವಾ ಸ್ಟೀರಿಂಗ್‌ನ ಹಠಾತ್ ತಿರುವಿನಿಂದ ಕ್ಯಾರವಾನ್ ಈ ಬಿಂದುವಿನ ಸುತ್ತ ಎಡಬಲಕ್ಕೆ ತೂಗಾಡತೊಡಗುತ್ತದೆ. ಹಾವಿನ ಚಲನೆಯನ್ನು ಹೋಲುವ ಈ ತೂಗಾಟವನ್ನು ಸ್ನೇಕಿಂಗ್ ಎಂದು ಕರೆಯಲಾಗುತ್ತದೆ. ಕಡಿಮೆ ವೇಗದಲ್ಲಿ ಇದು ತಾನಾಗಿಯೇ ಅಡಗುತ್ತದೆ. ವೇಗ ಹೆಚ್ಚಿದಂತೆ ಅಡಗುವ ಗುಣ ಕುಗ್ಗುತ್ತದೆ, ಒಂದು ಮಿತಿಯನ್ನು ದಾಟಿದ ಮೇಲೆ ತೂಗಾಟ ಅಡಗುವ ಬದಲು ಬೆಳೆಯುತ್ತ ಹೋಗುತ್ತದೆ. ಆಗ ಕ್ಯಾರವಾನ್ ಕಾರಿನ ಹಿಂಭಾಗವನ್ನು ತನ್ನೊಂದಿಗೆ ಎಳೆದಾಡಿ, ಎರಡೂ ಮಗುಚಿ ಬೀಳುವ ಸಾಧ್ಯತೆಯಿರುತ್ತದೆ.

ಎಳೆಯುವ ಕಾರು ಕ್ಯಾರವಾನಿಗಿಂತ ಭಾರವಾಗಿದ್ದಷ್ಟೂ ಈ ಎಳೆದಾಟವನ್ನು ತಾಳಿಕೊಳ್ಳುವ ಶಕ್ತಿ ಅದಕ್ಕೆ ಹೆಚ್ಚಾಗಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹಾಕುವಾಗಲೂ ಇದೇ ತತ್ತ್ವ ಅನ್ವಯಿಸುತ್ತದೆ. ಚಲನ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಗಂಟೆಗೆ 50 ಮೈಲಿಯಿಂದ 60 ಮೈಲಿಗೆ ವೇಗ ಹೆಚ್ಚಿಸಿದರೆ ತಡೆದು ನಿಲ್ಲಿಸಬೇಕಾದ ಶಕ್ತಿ ಶೇ. 44ರಷ್ಟು ಹೆಚ್ಚುತ್ತದೆ. ಕಾರಿನ ತೂಕ ಮಾತ್ರವಲ್ಲದೆ ಕ್ಯಾರವಾನಿನೊಳಗೆ ಸಾಮಾನುಗಳನ್ನು ಜೋಡಿಸಿರುವ ರೀತಿಯೂ ಸ್ಥಿರತೆಯನ್ನು ನಿರ್ಧರಿಸುತ್ತದೆ. ಭಾರವಾದ ವಸ್ತುಗಳನ್ನು ನೆಲಮಟ್ಟದಲ್ಲಿ, ಕ್ಯಾರವಾನಿನ ಆಕ್ಸಲ್‌ಗೆ ಸಮೀಪದಲ್ಲಿ ಇರಿಸುವುದು ಸುರಕ್ಷಿತ.

ವ್ಯಾಖ್ಯಾನಗಳು

ಒಂದೇ ಕಾರಿಗೆ ಭಿನ್ನ ತೂಕಗಳು ಕಂಡುಬರಲು ವ್ಯಾಖ್ಯಾನಗಳ ಭೇದವೇ ಮೊದಲ ಕಾರಣ.

* ಬ್ರಿಟನ್‌ನ ವಾಹನ ನಿರ್ಮಾಣ ಮತ್ತು ಬಳಕೆಯ 1986ರ ನಿಯಮಗಳ ಪ್ರಕಾರ, ಕರ್ಬ್ ತೂಕವೆಂದರೆ ಯಾವ ವ್ಯಕ್ತಿಯೂ ಒಳಗಿಲ್ಲದ, ಇಂಧನ ಟ್ಯಾಂಕ್ ಪೂರ್ತಿ ತುಂಬಿರುವ, ವಾಹನದೊಂದಿಗೆ ಸಾಮಾನ್ಯವಾಗಿ ಇರುವ ಉಪಕರಣಗಳ ಹೊರತು ಬೇರೆ ಹೊರೆಯಿಲ್ಲದ ವಾಹನದ ತೂಕ.
* ಐರೋಪ್ಯ ಒಕ್ಕೂಟದ ನಿಯಮಾವಳಿಯಲ್ಲಿನ 'ಚಾಲನಾಸಿದ್ಧ ತೂಕ'ದಲ್ಲಿ 75 ಕೆ.ಜಿ. ಎಂದು ಲೆಕ್ಕ ಹಿಡಿದ ಚಾಲಕನೂ, ಟ್ಯಾಂಕಿನ ಶೇ. 90ರಷ್ಟು ಇಂಧನವೂ ಸೇರುತ್ತವೆ. ಇದು ಕಾರಿನ ಮೂಲ ಸಜ್ಜಿಕೆಯ ತೂಕ ಮಾತ್ರ.
* ಅದೇ ನಿಯಮಾವಳಿಯ 'ವಾಸ್ತವ ತೂಕ'ದಲ್ಲಿ, ಇವುಗಳ ಜೊತೆಗೆ ಆ ನಿರ್ದಿಷ್ಟ ಕಾರಿಗೆ ಕಾರ್ಖಾನೆಯಲ್ಲಿ ಅಳವಡಿಸಿದ ಐಚ್ಛಿಕ ಸಲಕರಣೆಗಳೂ ಸೇರುತ್ತವೆ.

ಮೊದಲ ಎರಡು ವ್ಯಾಖ್ಯಾನಗಳ ನಡುವಿನ ಅಂತರ ಸುಮಾರು 70 ಕೆ.ಜಿ. ತಯಾರಕರ ಕೈಪಿಡಿಗಳಲ್ಲಿ ಎರಡನ್ನೂ ಕರ್ಬ್ ತೂಕವೆಂಬ ಒಂದೇ ಹೆಸರಿನಿಂದ ಕರೆಯುವುದುಂಟು. ಚಾಲಕನ ತೂಕ ಸೇರಿದೆಯೇ ಇಲ್ಲವೇ ಎಂಬುದನ್ನು ಅಲ್ಲಿನ ಅಡಿಟಿಪ್ಪಣಿಯಿಂದ ತಿಳಿಯಬೇಕಾಗುತ್ತದೆ.

ದಾಖಲೆಗಳಲ್ಲಿ ದೊರೆಯುವ ತೂಕಗಳು

ಬ್ರಿಟನ್‌ನಲ್ಲಿ ಕಾರಿನ ತೂಕದ ವಿವರಗಳು ಮುಖ್ಯವಾಗಿ ನಾಲ್ಕು ಕಡೆ ಸಿಗುತ್ತವೆ.

ವಿ5ಸಿ ನೋಂದಣಿ ಪತ್ರ: ಇದರ 'ಜಿ' ಅಂಕಣದಲ್ಲಿ ಸೇವಾಸ್ಥಿತಿಯ ತೂಕ, 'ಎಫ್.1' ಅಂಕಣದಲ್ಲಿ ಗರಿಷ್ಠ ಅನುಮತಿತ ತೂಕ, 'ಓ.1' ಮತ್ತು 'ಓ.2' ಅಂಕಣಗಳಲ್ಲಿ ಕ್ರಮವಾಗಿ ಬ್ರೇಕ್ ಇರುವ ಮತ್ತು ಬ್ರೇಕ್ ಇಲ್ಲದ ಟ್ರೈಲರ್‌ಗಳ ಗರಿಷ್ಠ ತೂಕ ನಮೂದಾಗಿರುತ್ತದೆ. ಹಳೆಯ ಕಾರುಗಳ ಪತ್ರದಲ್ಲಿ ಈ ಅಂಕಣಗಳು ಖಾಲಿಯಾಗಿರಬಹುದು.

ವಿಐಎನ್ ಫಲಕ: ಬಾನೆಟ್ಟಿನ ಕೆಳಗೆ ಅಥವಾ ಬಾಗಿಲಿನ ಚೌಕಟ್ಟಿನಲ್ಲಿರುವ ಈ ಫಲಕದಲ್ಲಿ ಸಾಮಾನ್ಯವಾಗಿ ನಾಲ್ಕು ಸಂಖ್ಯೆಗಳಿರುತ್ತವೆ: ಹೊರೆಯೂ ಸೇರಿದಂತೆ ಕಾರಿನ ಗರಿಷ್ಠ ಒಟ್ಟು ತೂಕ, ಕಾರು ಮತ್ತು ಟ್ರೈಲರ್ ಎರಡರ ಗರಿಷ್ಠ ಸಂಯುಕ್ತ ತೂಕ, ಮುಂದಿನ ಆಕ್ಸಲ್‌ನ ಮಿತಿ ಮತ್ತು ಹಿಂದಿನ ಆಕ್ಸಲ್‌ನ ಮಿತಿ. ಇವು ದಾಟಬಾರದ ಮಿತಿಗಳೇ ಹೊರತು ಕಾರಿನ ತೂಕವಲ್ಲ. ಕರ್ಬ್ ತೂಕ ಈ ಫಲಕದಲ್ಲಿ ಇರುವುದಿಲ್ಲ. ಸಂಯುಕ್ತ ತೂಕದ ಸಂಖ್ಯೆಯೇ ಇಲ್ಲದಿದ್ದರೆ ಆ ಕಾರನ್ನು ಟ್ರೈಲರ್ ಎಳೆಯಲು ಬಳಸಬಾರದು.

ಅನುರೂಪತಾ ಪ್ರಮಾಣಪತ್ರ: ತಯಾರಕರು ಪ್ರತಿಯೊಂದು ಕಾರಿಗೂ ಪ್ರತ್ಯೇಕವಾಗಿ ನೀಡುವ ಪತ್ರವಿದು. ಹೊಸ ಕಾರುಗಳ ಪ್ರಮಾಣಪತ್ರದಲ್ಲಿ ಚಾಲನಾಸಿದ್ಧ ತೂಕ ಮತ್ತು ವಾಸ್ತವ ತೂಕ ಎರಡೂ ಇರುತ್ತವೆ. ಆದ್ದರಿಂದ ಮುದ್ರಿತ ದಾಖಲೆಗಳ ಪೈಕಿ ಇದು ನಿಜ ತೂಕಕ್ಕೆ ಹೆಚ್ಚು ಹತ್ತಿರವಾದುದು.

ಕೈಪಿಡಿ ಮತ್ತು ಮಾರಾಟ ಪುಸ್ತಿಕೆ: ಇವು ಒಂದು ಮಾದರಿಯ ಎಲ್ಲ ಎಂಜಿನ್ ಹಾಗೂ ಸಜ್ಜಿಕೆಗಳಿಗೆ ಅನ್ವಯಿಸುವಂತೆ ಕನಿಷ್ಠ ಅಥವಾ ಕನಿಷ್ಠ-ಗರಿಷ್ಠ ತೂಕವನ್ನಷ್ಟೇ ನೀಡುವುದು ಸಾಮಾನ್ಯ.

ಮುದ್ರಿತ ತೂಕಕ್ಕೂ ನಿಜ ತೂಕಕ್ಕೂ ಇರುವ ಅಂತರ

ಗಾಜಿನ ಛಾವಣಿ, ವಿದ್ಯುತ್ ಚಾಲಿತ ಆಸನಗಳು, ದೊಡ್ಡ ಚಕ್ರಗಳು, ಸ್ವಯಂಚಾಲಿತ ಗೇರ್‌ಬಾಕ್ಸ್, ನಾಲ್ಕು ಚಕ್ರಗಳ ಚಾಲನೆ ಮೊದಲಾದವು ಕಾರಿನ ತೂಕವನ್ನು ಹೆಚ್ಚಿಸುತ್ತವೆ. ಕಾರನ್ನು ಕೊಂಡ ನಂತರ ಅಳವಡಿಸಿದ ಟೋ ಬಾರ್ ಯಾವ ಮುದ್ರಿತ ಲೆಕ್ಕದಲ್ಲೂ ಇರುವುದಿಲ್ಲ. ಸ್ಟೆಪ್ನಿಯ ಬದಲು ಪಂಕ್ಚರ್ ದುರಸ್ತಿ ಕಿಟ್ ಮಾತ್ರ ಇರುವ ಕಾರು ಅಷ್ಟರಮಟ್ಟಿಗೆ ಹಗುರವಾಗಿರುತ್ತದೆ.

ತೂಕವನ್ನು ತಪ್ಪಾಗಿ ತಿಳಿದುಕೊಂಡರೆ ಎರಡು ವಿರುದ್ಧ ದಿಕ್ಕುಗಳಲ್ಲಿ ಅಪಾಯವಿದೆ. ಕಾರು ನಿಜಕ್ಕಿಂತ ಭಾರವೆಂದು ಭಾವಿಸಿದರೆ, ಅದರ ಸಾಮರ್ಥ್ಯ ಮೀರಿದ ಕ್ಯಾರವಾನನ್ನು ಆರಿಸಿಕೊಂಡಂತಾಗುತ್ತದೆ. ನಿಜಕ್ಕಿಂತ ಹಗುರವೆಂದು ಭಾವಿಸಿದರೆ ಕ್ಯಾರವಾನಿನ ಆಯ್ಕೆ ಸುರಕ್ಷಿತವಾಗಿಯೇ ಇರುತ್ತದೆ; ಆದರೆ ಕಾರಿನಲ್ಲಿ ಹೊರಬಹುದಾದ ಸಾಮಾನಿನ ಲೆಕ್ಕ ತಪ್ಪಿ ಕಾರೇ ಮಿತಿ ಮೀರುತ್ತದೆ. ಹೀಗಾಗಿ ಸುರಕ್ಷತೆಗೆಂದು ಅಂದಾಜನ್ನು ಒಂದು ಕಡೆಗೆ ಬಾಗಿಸಿಕೊಂಡರೂ ಎರಡೂ ಅಪಾಯಗಳು ನಿವಾರಣೆಯಾಗುವುದಿಲ್ಲ.

ವೇಬ್ರಿಡ್ಜ್‌ನಲ್ಲಿ ತೂಗುವ ವಿಧಾನ

ಸಾರ್ವಜನಿಕ ವೇಬ್ರಿಡ್ಜ್‌ಗಳ ವಿಳಾಸವನ್ನು ಸ್ಥಳೀಯ ಆಡಳಿತ ಸಂಸ್ಥೆಗಳಿಂದ ಪಡೆಯಬಹುದು. ಬ್ರಿಟನ್‌ನ 1985ರ ತೂಕ ಮತ್ತು ಅಳತೆ ಕಾಯ್ದೆಯ ಪ್ರಕಾರ ಇವುಗಳನ್ನು ನಡೆಸುವವರು ಅರ್ಹತಾ ಪತ್ರ ಹೊಂದಿರಬೇಕು. ಪೂರ್ಣ ಮಾಹಿತಿಗಾಗಿ ಹಲವು ಬಾರಿ ತೂಗಬೇಕಾಗುತ್ತದೆ.

1. ಟ್ಯಾಂಕ್ ಪೂರ್ತಿ ತುಂಬಿಸಿ, ಸಾಮಾನುಗಳನ್ನೆಲ್ಲ ಇಳಿಸಿದ ಕಾರನ್ನು ಮಾತ್ರ ತೂಗಬೇಕು. ಚಾಲಕ ಒಳಗಿದ್ದರೆ ಅವರ ತೂಕವನ್ನು ಕಳೆಯಬೇಕು. ಇದರಿಂದ ಕರ್ಬ್ ತೂಕ ದೊರೆಯುತ್ತದೆ.
2. ಪ್ರಯಾಣಿಕರು ಮತ್ತು ಸಾಮಾನುಗಳೊಂದಿಗೆ, ಕ್ಯಾರವಾನ್ ಜೋಡಿಸಿದ ಸ್ಥಿತಿಯಲ್ಲೇ, ಕಾರಿನ ಚಕ್ರಗಳು ಮಾತ್ರ ವೇಬ್ರಿಡ್ಜ್ ಮೇಲಿರುವಂತೆ ನಿಲ್ಲಿಸಿ ತೂಗಬೇಕು. ಇದನ್ನು ಕಾರಿನ ಗರಿಷ್ಠ ಒಟ್ಟು ತೂಕದೊಂದಿಗೆ ಹೋಲಿಸಬೇಕು.
3. ಕಾರಿನ ಪ್ರತಿ ಆಕ್ಸಲ್ ಅನ್ನು ಪ್ರತ್ಯೇಕವಾಗಿ ತೂಗಬೇಕು.
4. ಕಾರು ಮತ್ತು ಕ್ಯಾರವಾನ್ ಎರಡನ್ನೂ ಒಟ್ಟಿಗೆ ತೂಗಿ, ಸಂಯುಕ್ತ ತೂಕದ ಮಿತಿಯೊಂದಿಗೆ ಹೋಲಿಸಬೇಕು.
5. ಸಾಮಾನು ತುಂಬಿದ ಕ್ಯಾರವಾನನ್ನು ಕಳಚಿ, ಅದರ ಮುಂಭಾಗದ ಆಧಾರ ಚಕ್ರವೂ ವೇಬ್ರಿಡ್ಜ್ ಮೇಲಿರುವಂತೆ ನಿಲ್ಲಿಸಿ ತೂಗಬೇಕು. ಇದನ್ನು ಕ್ಯಾರವಾನಿನ ಫಲಕದಲ್ಲಿರುವ ಎಂಟಿಪಿಎಲ್‌ಎಂ, ಅಂದರೆ ಹೊರೆ ಸಹಿತ ಗರಿಷ್ಠ ತೂಕದೊಂದಿಗೆ ಹೋಲಿಸಬೇಕು.

ಲಾರಿಗಳಿಗಾಗಿ ನಿರ್ಮಿಸಿದ ಹಲವು ವೇಬ್ರಿಡ್ಜ್‌ಗಳು 20 ಕೆ.ಜಿ.ಯ ಅಂತರದಲ್ಲಿ ತೂಕ ತೋರಿಸುತ್ತವೆ. ಆದ್ದರಿಂದ ಮಿತಿಯ ಅಂಚಿನವರೆಗೆ ಹೊರೆ ತುಂಬದೆ ಸ್ವಲ್ಪ ಅವಕಾಶ ಉಳಿಸಿಕೊಳ್ಳಬೇಕು.

ಲೆಕ್ಕದ ಉದಾಹರಣೆ

ಒಂದು ಕಾರಿನ ಪುಸ್ತಿಕೆಯಲ್ಲಿ, ಚಾಲಕನನ್ನು ಹೊರತುಪಡಿಸಿ, ಕರ್ಬ್ ತೂಕ 1,420ರಿಂದ 1,600 ಕೆ.ಜಿ. ಎಂದಿದೆ ಎಂದು ಭಾವಿಸಬಹುದು. ಪೂರ್ಣ ಟ್ಯಾಂಕ್ ಮತ್ತು 80 ಕೆ.ಜಿ. ತೂಕದ ಚಾಲಕನೊಂದಿಗೆ ವೇಬ್ರಿಡ್ಜ್ 1,580 ಕೆ.ಜಿ. ತೋರಿಸಿದರೆ, 1986ರ ನಿಯಮಗಳ ಪ್ರಕಾರ ಕರ್ಬ್ ತೂಕ 1,500 ಕೆ.ಜಿ. ಆಗುತ್ತದೆ. ಇದರ ಶೇ. 85 ಎಂದರೆ 1,275 ಕೆ.ಜಿ. ಪುಸ್ತಿಕೆಯ ಗರಿಷ್ಠ ಸಂಖ್ಯೆಯನ್ನು ನಂಬಿದವರು 1,360 ಕೆ.ಜಿ.ಯ ಕ್ಯಾರವಾನನ್ನು ಆರಿಸಿಕೊಳ್ಳುತ್ತಿದ್ದರು. ಅದು ಈ ಕಾರಿನ ನಿಜ ತೂಕದ ಸುಮಾರು ಶೇ. 91.

ಇದೇ ಕಾರಿನ ಗರಿಷ್ಠ ಒಟ್ಟು ತೂಕ 2,050 ಕೆ.ಜಿ. ಆಗಿದ್ದರೆ ಹೊರೆಗೆ ಉಳಿಯುವುದು 550 ಕೆ.ಜಿ. ಚಾಲಕನ 80, ಮೂವರು ಪ್ರಯಾಣಿಕರ 210 ಮತ್ತು ಟೋ ಬಾಲ್ ಮೇಲೆ ಕ್ಯಾರವಾನ್ ಹೇರುವ 75 ಕೆ.ಜಿ.ಯನ್ನು ಕಳೆದರೆ ಸಾಮಾನಿಗೆ 185 ಕೆ.ಜಿ. ಮಾತ್ರ ಸಿಗುತ್ತದೆ. ಪುಸ್ತಿಕೆಯ ಕನಿಷ್ಠ ಸಂಖ್ಯೆಯನ್ನು ನಂಬಿದವರು 265 ಕೆ.ಜಿ. ಸಾಮಾನು ತುಂಬಿ ಕಾರಿನ ಮಿತಿಯನ್ನು 80 ಕೆ.ಜಿ.ಯಷ್ಟು ಮೀರುತ್ತಿದ್ದರು.

ಮೂಗಿನ ಭಾರ

ಕ್ಯಾರವಾನಿನ ಮುಂಭಾಗವು ಟೋ ಬಾಲ್ ಮೇಲೆ ಹೇರುವ ಭಾರವನ್ನು ಮೂಗಿನ ಭಾರ ಎನ್ನಲಾಗುತ್ತದೆ. ಹೊರೆ ತುಂಬಿದ ಕ್ಯಾರವಾನಿನ ತೂಕದ ಶೇ. 5ರಿಂದ 7ರಷ್ಟು ಮೂಗಿನ ಭಾರವಿರುವುದು ಸ್ಥಿರತೆಗೆ ಒಳ್ಳೆಯದೆಂದು ಸಾಮಾನ್ಯವಾಗಿ ಸಲಹೆ ನೀಡಲಾಗುತ್ತದೆ. ಆದರೆ ಅದು ಕಾರಿಗೂ ಟೋ ಬಾರ್‌ಗೂ ನಿಗದಿಯಾದ ಮಿತಿಗಳಲ್ಲಿ ಕಡಿಮೆಯಾದುದನ್ನು ಮೀರುವಂತಿಲ್ಲ.

ಟೋ ಬಾಲ್ ಹಿಂದಿನ ಆಕ್ಸಲ್‌ಗಿಂತ ಹಿಂದಕ್ಕೆ ಇರುವುದರಿಂದ ಸನ್ನೆಕೋಲಿನ ತತ್ತ್ವ ಇಲ್ಲಿ ಕೆಲಸ ಮಾಡುತ್ತದೆ. ಎರಡು ಆಕ್ಸಲ್‌ಗಳ ನಡುವಿನ ಅಂತರ 2.7 ಮೀಟರ್, ಹಿಂದಿನ ಆಕ್ಸಲ್‌ನಿಂದ ಟೋ ಬಾಲ್‌ಗೆ 1 ಮೀಟರ್ ಇದ್ದರೆ, 75 ಕೆ.ಜಿ.ಯ ಮೂಗಿನ ಭಾರವು ಹಿಂದಿನ ಆಕ್ಸಲ್ ಮೇಲೆ ಸುಮಾರು 103 ಕೆ.ಜಿ. ಹೇರುತ್ತದೆ, ಮುಂದಿನ ಆಕ್ಸಲ್ ಸುಮಾರು 28 ಕೆ.ಜಿ.ಯಷ್ಟು ಹಗುರವಾಗುತ್ತದೆ. ಕಾರಿನ ಒಟ್ಟು ತೂಕ ಮಿತಿಯೊಳಗಿದ್ದರೂ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದಾದ್ದರಿಂದಲೇ ಆಕ್ಸಲ್‌ಗಳನ್ನು ಪ್ರತ್ಯೇಕವಾಗಿ ತೂಗಬೇಕಾಗುತ್ತದೆ.

ಶೇ. 85ರ ಸೂತ್ರ ಮತ್ತು ಕಾನೂನು

ಹೊರೆ ತುಂಬಿದ ಕ್ಯಾರವಾನಿನ ತೂಕ ಕಾರಿನ ಕರ್ಬ್ ತೂಕದ ಶೇ. 85ನ್ನು ಮೀರದಿರುವುದು ಒಳಿತೆಂದು ಬ್ರಿಟನ್‌ನ ಕ್ಯಾರವಾನ್ ಸಂಘಟನೆಗಳು, ವಿಶೇಷವಾಗಿ ಹೊಸಬರಿಗೆ, ಸಲಹೆ ನೀಡುತ್ತವೆ. 1907ರಲ್ಲಿ ಸ್ಥಾಪನೆಯಾದ, ಈಗ ಕ್ಯಾರವಾನ್ ಅಂಡ್ ಮೋಟರ್‌ಹೋಮ್ ಕ್ಲಬ್ ಎಂದು ಹೆಸರಾಗಿರುವ ಸಂಸ್ಥೆ ಇವುಗಳಲ್ಲೊಂದು. ಅನುಭವಿಗಳು ಇದಕ್ಕಿಂತ ಹೆಚ್ಚು ಭಾರ ಎಳೆಯಬಹುದಾದರೂ ಶೇ. 100ನ್ನು ದಾಟಬಾರದೆಂಬುದು ಈ ಸಲಹೆಯ ಇನ್ನೊಂದು ಭಾಗ. ಈ ಸೂತ್ರ ಕಾನೂನಲ್ಲ. ತಯಾರಕರು ನಿಗದಿಪಡಿಸಿದ ಮಿತಿಗಳಿಗೆ ಇದು ಪರ್ಯಾಯವೂ ಅಲ್ಲ. ಬ್ಯಾಟರಿಯ ಕಾರಣದಿಂದ ವಿದ್ಯುತ್ ಕಾರುಗಳ ಕರ್ಬ್ ತೂಕ ಹೆಚ್ಚಾಗಿರುತ್ತದೆ. ಹಾಗಿದ್ದೂ ಅವುಗಳಲ್ಲಿ ಕೆಲವಕ್ಕೆ ಟ್ರೈಲರ್ ಎಳೆಯುವ ಅನುಮತಿಯೇ ಇಲ್ಲ. ಅಂತಹ ಕಾರಿಗೆ ಶೇ. 85ರ ಲೆಕ್ಕ ಅರ್ಥಹೀನ.

ಕಾನೂನಿನ ದೃಷ್ಟಿಯಿಂದ ಫಲಕದಲ್ಲಿರುವ ಮಿತಿಗಳನ್ನು ಮೀರುವುದು ಅಪರಾಧ. ಬ್ರೇಕ್ ಇಲ್ಲದ ಟ್ರೈಲರ್‌ನ ತೂಕ 750 ಕೆ.ಜಿ. ಅಥವಾ ಕಾರಿನ ಕರ್ಬ್ ತೂಕದ ಅರ್ಧ, ಇವೆರಡರಲ್ಲಿ ಕಡಿಮೆಯಾದುದನ್ನು ದಾಟಬಾರದು. 1997ರ ಜನವರಿ 1ರಿಂದ ಕಾರು ಚಾಲನಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು, 2021ರ ಡಿಸೆಂಬರ್ 16ರಿಂದ ಪ್ರತ್ಯೇಕ ಪರೀಕ್ಷೆಯಿಲ್ಲದೆ 3,500 ಕೆ.ಜಿ.ವರೆಗಿನ ಟ್ರೈಲರ್‌ಗಳನ್ನು ಎಳೆಯಬಹುದಾಗಿದೆ. ಆದರೆ ಪರವಾನಗಿಯ ಈ ಸಡಿಲಿಕೆಯಿಂದ ಕಾರಿನ ಎಳೆಯುವ ಸಾಮರ್ಥ್ಯ ಬದಲಾಗುವುದಿಲ್ಲ. ಕ್ಯಾರವಾನ್ ಎಳೆಯುವ ಕಾರಿಗೆ ಏಕಪಥ ರಸ್ತೆಗಳಲ್ಲಿ ಗಂಟೆಗೆ 50 ಮೈಲಿ, ದ್ವಿಪಥ ರಸ್ತೆ ಮತ್ತು ಮೋಟಾರು ಮಾರ್ಗಗಳಲ್ಲಿ 60 ಮೈಲಿ ಗರಿಷ್ಠ ವೇಗವಾಗಿದೆ.

ಇತರ ದೇಶಗಳಲ್ಲಿ

ಜರ್ಮನಿಯಲ್ಲಿ ಕಾರಿನ ತೂಕವೇ ವೇಗಮಿತಿಯನ್ನು ನಿರ್ಧರಿಸುವ ಅಂಶಗಳಲ್ಲೊಂದು. ಟ್ರೈಲರ್ ಎಳೆಯುವ ಕಾರುಗಳಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ. ಬ್ರೇಕ್ ಮತ್ತು ಶಾಕ್ ಅಬ್ಸಾರ್ಬರ್ ಇರುವ ಕ್ಯಾರವಾನಿನ ಗರಿಷ್ಠ ತೂಕವು ಕಾರಿನ ಖಾಲಿ ತೂಕದ 0.8 ಪಟ್ಟಿನೊಳಗಿದ್ದರೆ, ಸ್ಥಿರತಾ ಸಾಧನವೂ ಇದ್ದಲ್ಲಿ 1.0 ಪಟ್ಟಿನೊಳಗಿದ್ದರೆ, ಇತರ ಷರತ್ತುಗಳಿಗೆ ಒಳಪಟ್ಟು 100 ಕಿ.ಮೀ. ವೇಗಕ್ಕೆ ಅನುಮತಿ ದೊರೆಯುತ್ತದೆ. ಆಸ್ಟ್ರೇಲಿಯಾದಲ್ಲಿ ಬಳಕೆಯಲ್ಲಿರುವ ಟೇರ್ ತೂಕದಲ್ಲಿ 10 ಲೀಟರ್ ಇಂಧನವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯು ಹೊರೆರಹಿತ ತೂಕದಿಂದ ಚಾಲಕನ ತೂಕವನ್ನು ಹೊರಗಿಡುತ್ತದೆ. ಹೀಗಾಗಿ ಒಂದು ದೇಶದ ದಾಖಲೆಯಲ್ಲಿರುವ ತೂಕವನ್ನು ಇನ್ನೊಂದು ದೇಶದ ಸೂತ್ರಕ್ಕೆ ನೇರವಾಗಿ ಅನ್ವಯಿಸಲಾಗದು.