ಮೂಕವಾಗಲಾಗದ ಯಂತ್ರ

ಹಗಲಿರುಳೆನ್ನದೆ, ಹಬ್ಬಹರಿದಿನವೆನ್ನದೆ ಎಚ್ಚತ್ತಿರತಕ್ಕ ಟೆಲಿಫೋನ್ ವಿನಿಮಯಕೇಂದ್ರಕ್ಕೆ ನೂಲಿನ ಗಿರಣಿಗಿರುವಂತೆ ವಾರದ ರಜೆಯಿಲ್ಲ. ಅದರ ರೋಗವನ್ನು ಅದು ದುಡಿಯುತ್ತಿರುವಾಗಲೇ ಕಂಡುಹಿಡಿದು, ದುಡಿಯುತ್ತಿರುವಾಗಲೇ ವಾಸಿಮಾಡಬೇಕು. ಅಮೆರಿಕದ ಸ್ಟ್ರೌಜರನು 1891ರಲ್ಲಿ ಪೇಟೆಂಟ್ ಪಡೆದ ಸ್ವಯಂಚಾಲಿತ ಸ್ವಿಚ್ಚಿನ ಕಾಲದಲ್ಲಿ ಈ ಕಷ್ಟ ಅಷ್ಟಾಗಿ ಬಾಧಿಸಲಿಲ್ಲ. ಅಲ್ಲಿ ಬುದ್ಧಿಯೆಂಬುದು ಕರೆಗೆ ದಾರಿ ಆರಿಸುವ ಅನೇಕ ಸೆಲೆಕ್ಟರುಗಳಲ್ಲಿ ಹಂಚಿಹೋಗಿದ್ದುದರಿಂದ, ಒಂದು ಕೆಟ್ಟರೆ ಕೆಲವು ಕರೆಗಳು ಕೆಡುತ್ತಿದ್ದುವೇ ಹೊರತು ಊರಿಗೆ ಊರೇ ಮೂಕವಾಗುತ್ತಿರಲಿಲ್ಲ.

ಕರೆಗಳ ದಟ್ಟಣೆಯನ್ನು ಅಳೆಯುವ ಶಾಸ್ತ್ರವೂ ಮೊದಲಿಗೆ ಮನುಷ್ಯನ ಕಣ್ಣುಕೈಗಳನ್ನೇ ನೆಚ್ಚಿಕೊಂಡಿತ್ತು. ಕರೆಗಳ ಆಗಮನವು ಸಂಭವನೀಯತೆಯ ನಿಯಮಕ್ಕೆ ಒಳಪಟ್ಟುದೆಂದು 1909ರಲ್ಲಿ ತೋರಿಸಿಕೊಟ್ಟ ಕೋಪನ್‌ಹೇಗನ್ನಿನ ಗಣಿತಜ್ಞ ಎರ್ಲಾಂಗನು, ಸಹಾಯಕರ ಪರಿವಾರವಿಲ್ಲದೆ, ಏಣಿ ಹೊತ್ತ ಆಳೊಬ್ಬನೊಡನೆ ಬೀದಿಯ ಮ್ಯಾನ್‌ಹೋಲುಗಳಿಗೆ ಇಳಿದು, ದಾರಿತಪ್ಪಿ ಹರಿಯುವ ವಿದ್ಯುತ್ಪ್ರವಾಹವನ್ನೂ ತಾನೇ ಅಳೆಯುತ್ತಿದ್ದನೆಂದು ಹೇಳುವರು.

ಚಿತ್ರ ಬದಲಾದುದು ಅಮೆರಿಕದ ಬೆಲ್ ಪ್ರಯೋಗಶಾಲೆಯವರ ಉದ್ಯಮದಿಂದ. 1960ರಲ್ಲಿ ಇಲಿನಾಯ್ ಪ್ರಾಂತದ ಮಾರಿಸ್ ಎಂಬ ಊರಿನಲ್ಲಿ ಪರೀಕ್ಷೆಗೊಂಡು, 1965ರಲ್ಲಿ ನ್ಯೂಜರ್ಸಿಯ ಸಕ್ಕಸನ್ನಾದಲ್ಲಿ ನಿಜವಾದ ಸೇವೆಗೆ ನಿಂತ ಎಲೆಕ್ಟ್ರಾನಿಕ್ ವಿನಿಮಯವ್ಯವಸ್ಥೆಯಲ್ಲಿ, ಹಿಂದೆ ಹಂಚಿಹೋಗಿದ್ದ ಬುದ್ಧಿಯೆಲ್ಲವೂ ಒಂದೇ ಕೇಂದ್ರನಿಯಂತ್ರಕದಲ್ಲಿ ಸಂಗ್ರಹಗೊಂಡಿತು. ಕರೆಗಳನ್ನು ಜೋಡಿಸುವ ಆ ಯಂತ್ರವೇ ಅವುಗಳ ದಟ್ಟಣೆಯನ್ನು ಎಣಿಸಿ, ಲೆಕ್ಕವನ್ನು ಟೆಲಿಪ್ರಿಂಟರಿನಲ್ಲಿ ಅಚ್ಚುಮಾಡಿ ಕೊಡತೊಡಗಿತು. ಲಾಭವೇನೋ ಅಪಾರ, ಆದರೆ ಅಪಾಯವೂ ಅಷ್ಟೇ ಕೇಂದ್ರೀಕೃತ. ಆದಕಾರಣ ನಿರ್ಮಾಪಕರು ನಲವತ್ತು ವರ್ಷಗಳಲ್ಲಿ ಒಟ್ಟು ಎರಡು ಗಂಟೆಗಳಿಗೆ ಮಿಕ್ಕಿ ಸೇವೆ ನಿಲ್ಲಕೂಡದೆಂಬ ಗುರಿಯನ್ನು ಮುಂದಿಟ್ಟುಕೊಂಡು, ನಿಯಂತ್ರಕವನ್ನೂ ಸ್ಮೃತಿಭಂಡಾರವನ್ನೂ ಜೋಡಿಜೋಡಿಯಾಗಿ ಕಟ್ಟಿದರು.

ಇಮ್ಮಡಿ ಸಾಮಗ್ರಿ ಕೊಳ್ಳುವುದು ಹಣವಿದ್ದವರಿಗೆಲ್ಲ ಸಾಧ್ಯ. ಅವರ ಜಾಣತನವಿರುವುದು ಆ ಜೋಡಿಯನ್ನು ದುಡಿಸಿಕೊಂಡ ಬಗೆಯಲ್ಲಿ. ಎರಡು ನಿಯಂತ್ರಕಗಳೂ ಒಂದೇ ಆಜ್ಞೆಯನ್ನು ಏಕಕಾಲದಲ್ಲಿ ಪಾಲಿಸುತ್ತ, ಹೆಜ್ಜೆಹೆಜ್ಜೆಗೂ ತಮ್ಮ ಉತ್ತರಗಳನ್ನು ಹೋಲಿಸಿ ನೋಡುತ್ತಿದ್ದುವು. ಉತ್ತರಗಳು ಭಿನ್ನವಾದರೆ ಒಂದು ತಪ್ಪಿದೆಯೆಂಬುದು ನಿಶ್ಚಯ, ಯಾವುದೆಂಬುದು ಅನಿಶ್ಚಯ. ಆಗ ಯಂತ್ರವು ಪರೀಕ್ಷೆಗಳ ಸರಣಿಯೊಂದನ್ನು ನಡೆಯಿಸಿ, ದೋಷಿಯನ್ನು ಗುರುತಿಸಿ, ಅದನ್ನು ಸೇವೆಯಿಂದ ಬಿಡಿಸಿ, ಇನ್ನೊಂದರಿಂದ ಕೆಲಸ ಮುಂದುವರಿಸುತ್ತಿತ್ತು. ಅನಂತರ ಪರೀಕ್ಷೆಯ ಫಲವು ಅಂಕಿಗಳ ರೂಪದಲ್ಲಿ ಅಚ್ಚಾಗಿ ಬರಲು, ಕಾರ್ಯನಿರ್ವಾಹಕನು ದಪ್ಪನೆಯ ದೋಷಕೋಶವೊಂದನ್ನು ತೆರೆದು, ವಿದ್ಯುನ್ಮಂಡಲದ ಯಾವ ಹಲಗೆಯನ್ನು ಕಿತ್ತು ಬದಲಾಯಿಸಬೇಕೆಂಬುದನ್ನು ತಿಳಿಯುತ್ತಿದ್ದನು. ಮಾರಿಸ್ಸಿನ ಯಂತ್ರಕ್ಕೆ ಇಂಥ ಕೋಶವನ್ನು ರಚಿಸಲು ಒಂದೊಂದೇ ದೋಷವನ್ನು ಬುದ್ಧಿಪೂರ್ವಕವಾಗಿ ಉಂಟುಮಾಡಿ, ಯಂತ್ರವು ನರಳಿದ ರೀತಿಯನ್ನು ಬರೆದಿಟ್ಟುಕೊಂಡಿದ್ದರು. ನಿಘಂಟುಕಾರರ ಸಹನೆಯೂ ಇದರ ಮುಂದೆ ಸಣ್ಣದೆಂದೇ ನನ್ನ ಮತ.

ನಮ್ಮ ನಾಡಿಗೂ ಜೋಡಿ ನಿಯಂತ್ರಣದ ಈ ತತ್ತ್ವ ಬಂದಿತು. 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಎಂಬ ದೂರಸಂಪರ್ಕ ಸಂಶೋಧನ ಸಂಸ್ಥೆಯ ಮೊತ್ತಮೊದಲ ಗ್ರಾಮೀಣ ವಿನಿಮಯಕೇಂದ್ರವು 1986ರಲ್ಲಿ ನೆಲೆಗೊಂಡುದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಹವಾನಿಯಂತ್ರಣದ ಹಂಗಿಲ್ಲದೆ ಹಳ್ಳಿಯ ಬಿಸಿಲುಧೂಳುಗಳಲ್ಲಿ ನಿಲ್ಲಬಲ್ಲ ಆ ಯಂತ್ರದ ನಿಯಂತ್ರಣವೂ ಜೋಡಿಯದೇ.

ಆದರೆ ಜೋಡಿಯ ರಕ್ಷೆ ಸವೆದ ಬಿಡಿಭಾಗಕ್ಕೆ ಸಲ್ಲುವುದೇ ಹೊರತು ತಪ್ಪಾಗಿ ಬರೆದ ಆಜ್ಞೆಗಲ್ಲ. 1990ರ ಜನವರಿ 15ರಂದು ಎ.ಟಿ. ಅಂಡ್ ಟಿ. ಕಂಪನಿಯ ನ್ಯೂಯಾರ್ಕಿನ ಸ್ವಿಚ್ಚೊಂದು ಅಲ್ಪದೋಷಕ್ಕೆ ಸಿಲುಕಿ, ವಿಧಿಯಂತೆ ತನ್ನನ್ನು ತಾನೇ ಸರಿಪಡಿಸಿಕೊಂಡು, ಮರಳಿ ಬಂದ ವಾರ್ತೆಯನ್ನು ನೆರೆಯವುಗಳಿಗೆ ತಿಳಿಸಿತು. ಆ ವಾರ್ತೆಯನ್ನು ಸ್ವೀಕರಿಸುವ ಪ್ರೋಗ್ರಾಮಿನಲ್ಲಿಯೇ ತಪ್ಪು ಅಡಗಿತ್ತು. 114 ಸ್ವಿಚ್ಚುಗಳಲ್ಲಿಯೂ ಅದೇ ಪ್ರೋಗ್ರಾಮು, ಅದೇ ತಪ್ಪು. ಒಂದರ ಚೇತರಿಕೆ ಇನ್ನೊಂದರ ಮೂರ್ಛೆಗೆ ಕಾರಣವಾಗುತ್ತ, ಅಮೆರಿಕದ ದೂರದ ಕರೆಗಳು ಸುಮಾರು ಒಂಬತ್ತು ಗಂಟೆಗಳ ಕಾಲ ಅಸ್ತವ್ಯಸ್ತವಾದುವು.