ಮನದೊಡನೆ ಮಾತು: ಮರುಭೂಮಿಯಿಂದ ಬಾಗೇವಾಡಿಯವರೆಗೆ

ಇಂಡಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಬಲಿಪೂಜೆ ಮುಗಿಸಿ ಹೊರಬಂದಾಗ ಒಬ್ಬ ತಾಯಿ ತಮ್ಮ ಹತ್ತೊಂಬತ್ತು ವರುಷದ ಮಗನನ್ನು ನನ್ನೆದುರು ತಂದು ನಿಲ್ಲಿಸಿದರು. “ಫಾದರ್, ಇವಗ ಸ್ವಲ್ಪ ಬುದ್ಧಿ ಹೇಳ್ರೀ. ಬರೇ ಮೈಗಳ್ಳ ಆಗ್ಯಾನ್ರೀ. ಯಾವ ಕೆಲಸಾ ಹಚ್ಚಿದ್ರೂ ಅರ್ಧಕ್ಕ ಬಿಡ್ತಾನ್ರೀ.” ಲಿಂಬೆ ತೋಟಕ್ಕೆ ನೀರು ಬಿಟ್ಟು ಮೋಟಾರು ಬಂದ್ ಮಾಡುವುದನ್ನು ಮರೆಯುತ್ತಾನೆ. ಪರೀಕ್ಷೆಯ ಅರ್ಜಿಯನ್ನು ತುಂಬುತ್ತಾನೆ, ಕೊಡುವ ದಿನ ದಾಟಿಹೋಗುತ್ತದೆ. ಅವನ ಕೋಣೆಯೊಳಗೆ ಕಾಲಿಡಲು ಜಾಗವಿಲ್ಲ. ತಾಯಿಯ ದೂರು ಹೀಗೆ ಬೆಳೆಯುತ್ತ ಹೋಯಿತು.

ನಾನು ಆ ಹುಡುಗನಿಗೆ ಚೆನ್ನಾಗಿಯೇ ಬುದ್ಧಿ ಹೇಳಿದೆ. ಏಳು ಮೂಲಪಾಪಗಳಲ್ಲಿ ಸೋಮಾರಿತನವೂ ಒಂದೆಂದು ನೆನಪಿಸಿದೆ. ಕಾಯಕವನ್ನು ಜಗತ್ತಿಗೆ ಬೋಧಿಸಿದ ಬಸವಣ್ಣನವರು ಹುಟ್ಟಿದ ಜಿಲ್ಲೆಯವನೇ ನೀನು, ನಾಚಿಕೆಯಾಗಬೇಡವೇ ಎಂದೂ ಕೇಳಿದೆ. ಅವನು ನೆಲ ನೋಡುತ್ತ ನಿಂತಿದ್ದು, ಕೊನೆಗೆ ಒಂದೇ ಮಾತು ಆಡಿದ: “ಎಲ್ಲಾ ಗೊತ್ತೈತ್ರೀ ಫಾದರ್, ಮನಸ್ಸು ಮಾತು ಕೇಳೂದಿಲ್ರೀ.”

ಅಂದು ಹಿಂದಿರುಗುವ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ. ಸೆಮಿನರಿಯ ದಿನಗಳಲ್ಲಿ ನಾನು ಅದನ್ನು ಬೇರೊಬ್ಬರಿಂದ ಕೇಳಿದ್ದೆ. ಸಂತ ಅಗಸ್ಟೀನರು ನಾಲ್ಕನೆಯ ಶತಮಾನದ ಕೊನೆಯಲ್ಲಿ ಬರೆದ ತಮ್ಮ ಆತ್ಮನಿವೇದನೆಯ ಎಂಟನೆಯ ಭಾಗದಲ್ಲಿ ಇದೇ ಸೋಜಿಗವನ್ನು ಮುಂದಿಡುತ್ತಾರೆ. ಮನಸ್ಸು ಕೈಗೆ ಅಪ್ಪಣೆ ಕೊಟ್ಟರೆ ಕೈ ತಕ್ಷಣ ಎದ್ದೇಳುತ್ತದೆ. ಅದೇ ಮನಸ್ಸು ತನಗೆ ತಾನೇ ಅಪ್ಪಣೆ ಕೊಟ್ಟರೆ ಪಾಲಿಸುವುದಿಲ್ಲ. ಇದು ಹೇಗೆ? ಧರ್ಮಸಭೆಯ ಮಹಾಪಂಡಿತರನ್ನು ಕಾಡಿದ ಪ್ರಶ್ನೆಯನ್ನೇ ಆ ಹುಡುಗ ಬರಿಗಾಲಲ್ಲಿ ನಿಂತು ನನಗೆ ಕೇಳಿದ್ದ. ನಾನು ಮಾತ್ರ ಅದನ್ನು ನೆಪವೆಂದುಕೊಂಡಿದ್ದೆ.

ಅಗಸ್ಟೀನರು ಅಲ್ಲಿಗೇ ನಿಂತವರಲ್ಲ. ಕ್ರಿ. ಶ. 386ರಲ್ಲಿ ಮನಪರಿವರ್ತನೆಯಾದ ಮೇಲೆ, ದೀಕ್ಷಾಸ್ನಾನಕ್ಕೆ ಮುನ್ನ, ಮಿಲಾನ್ ನಗರದ ಸಮೀಪದ ಕಸ್ಸಿಸಿಯಾಕಮ್ ಎಂಬ ಹಳ್ಳಿಮನೆಯಲ್ಲಿ ಅವರು ಒಂದು ವಿಚಿತ್ರ ಗ್ರಂಥವನ್ನು ಬರೆದರು. ಅದರಲ್ಲಿ ಮಾತನಾಡುವವರು ಇಬ್ಬರೇ: ಅಗಸ್ಟೀನರು ಮತ್ತು ಅವರದೇ ವಿವೇಕ. ಇಂಥ ಬರಹಕ್ಕೆ ಹೆಸರಿಲ್ಲದ್ದರಿಂದ ‘ಸೊಲಿಲೋಕ್ವಿಯ’, ಅಂದರೆ ಒಬ್ಬನೇ ಆಡುವ ಮಾತು, ಎಂಬ ಹೊಸ ಪದವನ್ನೇ ಅವರು ಕಟ್ಟಬೇಕಾಯಿತು.

ಪದ ಹೊಸದು, ರೂಢಿ ಹಳೆಯದು. ನಲವತ್ತೆರಡನೆಯ ಕೀರ್ತನೆಯಲ್ಲಿ ಭಕ್ತನು ತನ್ನ ಕುಗ್ಗಿದ ಆತ್ಮವನ್ನೇ ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಾನೆ. ಸಂತ ಲೂಕನ ಶುಭಸಂದೇಶವನ್ನು ಈ ದೃಷ್ಟಿಯಿಂದ ಒಮ್ಮೆ ಓದಿನೋಡಿ. ಯೇಸುಸ್ವಾಮಿಯ ಸಾಮತಿಗಳಲ್ಲಿ ಎಷ್ಟೊಂದು ಜನ ತಮ್ಮೊಳಗೇ ಮಾತನಾಡಿಕೊಳ್ಳುತ್ತಾರೆ! ಕಣಜ ಕೆಡವಿ ದೊಡ್ಡದಾಗಿ ಕಟ್ಟಿಸುವ ಧನಿಕ ತನ್ನ ಆತ್ಮಕ್ಕೆ ಉಣ್ಣು, ಕುಡಿ ಎಂದು ಹೇಳಿಕೊಳ್ಳುತ್ತಾನೆ. ಕೆಲಸ ಕಳೆದುಕೊಳ್ಳಲಿರುವ ಮೇಸ್ತ್ರಿ ಅಗೆಯಲಾರೆ, ಬೇಡಲಾರೆ ಎಂದು ಲೆಕ್ಕ ಹಾಕುತ್ತಾನೆ. ವಿಧವೆಗೆ ಬೇಸತ್ತ ನ್ಯಾಯಾಧೀಶನೂ ತನ್ನೊಳಗೇ ತೀರ್ಮಾನಿಸುತ್ತಾನೆ. ಹಂದಿ ಕಾಯುತ್ತಿದ್ದ ಕಿರಿಯ ಮಗನಂತೂ ತಂದೆಯ ಮುಂದೆ ಆಡಬೇಕಾದ ಮಾತುಗಳನ್ನು ಮೊದಲು ತನಗೆ ತಾನೇ ಹೇಳಿಕೊಂಡು ಎದ್ದು ಹೊರಡುತ್ತಾನೆ. ಒಬ್ಬನನ್ನು ಒಳಮಾತು ಮುಳುಗಿಸಿತು, ಇನ್ನೊಬ್ಬನನ್ನು ಮನೆಗೆ ಮರಳಿಸಿತು.

ಈ ಒಳಮಾತನ್ನು ಒಂದು ಚಿಕಿತ್ಸೆಯನ್ನಾಗಿ ಮಾಡಿದವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು. ಅವರಲ್ಲಿ ಎವಾಗ್ರಿಯಸ್ ಪ್ರಮುಖರು. ಕಾನ್‌ಸ್ಟಾಂಟಿನೋಪಲ್‌ನ ವೈಭವವನ್ನು ತೊರೆದು ಬಂದ ಇವರು 399ರಲ್ಲಿ ಕೆಲ್ಲಿಯ ಎಂಬ ಮರುಭೂಮಿಯ ಗುಡಿಸಲುಗಳ ನಡುವೆ ತೀರಿಕೊಂಡರು. ಮನುಷ್ಯನನ್ನು ಕಾಡುವ ಎಂಟು ಬಗೆಯ ಆಲೋಚನೆಗಳನ್ನು ಗುರುತಿಸಿ, ಒಂದೊಂದು ಆಲೋಚನೆ ಬಂದಾಗಲೂ ಅದಕ್ಕೆ ಎದುರು ಹೇಳಬೇಕಾದ ಪವಿತ್ರ ಗ್ರಂಥದ ವಾಕ್ಯಗಳನ್ನು ಅವರು ಸಂಗ್ರಹಿಸಿದರು. ‘ಅಂಟಿರೆಟಿಕೋಸ್’ ಎಂಬ ಈ ಪುಸ್ತಕದ ಹೆಸರಿಗೆ ‘ಮಾರುತ್ತರ’ ಎನ್ನಬಹುದು. ಎಂಟು ಭಾಗಗಳಲ್ಲಿ ಸುಮಾರು 500 ವಾಕ್ಯಗಳಿವೆ. ಅದರ ಗ್ರೀಕ್ ಮೂಲ ಕಳೆದುಹೋಗಿದೆ. ಸಿರಿಯಕ್ ಮತ್ತು ಅರ್ಮೇನಿಯನ್ ಅನುವಾದಗಳಿಂದ ಉಳಿದುಬಂದಿದೆ.

ಆ ಎಂಟರಲ್ಲಿ ಒಂದರ ಹೆಸರು ‘ಅಸೀಡಿಯ’. ನಡುಹಗಲಲ್ಲಿ ಬಂದು ಕಾಡುವ ಪಿಶಾಚಿ ಎಂದು ಎವಾಗ್ರಿಯಸರು ಅದನ್ನು ಕರೆಯುತ್ತಾರೆ. ಸನ್ಯಾಸಿಗೆ ಹೊತ್ತು ಸರಿಯುವುದೇ ಇಲ್ಲ. ಮತ್ತೆ ಮತ್ತೆ ಕಿಟಕಿಯಾಚೆ ಇಣುಕುತ್ತಾನೆ. ಹಿಡಿದ ಕೆಲಸದ ಮೇಲೆ ಜಿಗುಪ್ಸೆ. ಇಲ್ಲಿಗಿಂತ ಬೇರೆಡೆ ಹೋದರೆ ಬದುಕು ಸರಿಹೋದೀತೆಂಬ ಹಂಬಲ. ಇದನ್ನು ಅವರು ಬರಿಯ ಮೈಗಳ್ಳತನವೆನ್ನಲಿಲ್ಲ. ಮನಸ್ಸಿನ ಮೇಲೆ ಬೀಳುವ ದಾಳಿ ಎಂದರು. ದಾಳಿಗೊಳಗಾದವನಿಗೆ ಬೈಗುಳಕ್ಕಿಂತ ಆಯುಧ ಬೇಕಲ್ಲವೇ? ಐದನೆಯ ಶತಮಾನದಲ್ಲಿ ಜಾನ್ ಕ್ಯಾಸಿಯನ್ ಈ ಬೋಧನೆಯನ್ನು ಪಶ್ಚಿಮಕ್ಕೆ ಒಯ್ದರು; ಆರನೆಯ ಶತಮಾನದ ಕೊನೆಯಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರ ಕೈಯಲ್ಲಿ ಪಟ್ಟಿ ಏಳಕ್ಕೆ ಬಂದಿತು. ಮುಂದಿನ ಶತಮಾನಗಳಲ್ಲಿ ಅಸೀಡಿಯ ಎಂಬ ಮಾತಿನ ಅರ್ಥ ಕುಗ್ಗುತ್ತ, ನಮ್ಮ ಧರ್ಮೋಪದೇಶದ ಪುಸ್ತಕಕ್ಕೆ ಬರುವ ಹೊತ್ತಿಗೆ ‘ಸೋಮಾರಿತನ’ವಾಗಿ ನಿಂತಿತು. ಒಂದು ಪದ ಸವೆದು ಹೋದುದರ ಬೆಲೆಯನ್ನು ತೆತ್ತವರು ಎಷ್ಟು ಜನವೋ! ಹಾಸಿಗೆಯಿಂದ ಏಳಲಾರದಷ್ಟು ಮನ ಕುಗ್ಗಿದವರಿಗೆ, ಚದುರಿದ ಮನವನ್ನು ಕೂಡಿಸಲಾಗದವರಿಗೆ, ನನ್ನಂಥ ಗುರುಗಳು ಆ ಪುಸ್ತಕದ ಪದವನ್ನೇ ಓದಿ ಹೇಳಿದ್ದೇವೆ.

ನಮ್ಮ ನೆಲದ ಕಡೆಗೂ ನೋಡೋಣ. ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಮೊದಲು ಸಿಂದಗಿ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಊರು. ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ, ಕೃಷ್ಣೆಯ ದಡದಲ್ಲಿ, ಬಸವಣ್ಣನವರ ಪತ್ನಿ ನೀಲಮ್ಮನವರ ಐಕ್ಯಸ್ಥಳವಿದೆ. ಹನ್ನೆರಡನೆಯ ಶತಮಾನದ ಈ ಶರಣರು ಕಾಯಕಕ್ಕೆ ಕೊಟ್ಟ ಗೌರವ ಎಲ್ಲರಿಗೂ ಗೊತ್ತು. ಅವರು ಮನಸ್ಸಿನ ಬಗ್ಗೆ ಆಡಿದ್ದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಕೊಂಬೆಯಿಂದ ಕೊಂಬೆಗೆ ನೆಗೆಯುವ ಕೋತಿಗೆ ಮನಸ್ಸನ್ನು ಹೋಲಿಸುವಾಗ ಬಸವಣ್ಣನವರು ನೆರೆಮನೆಯವನ ಮನಸ್ಸಿನತ್ತ ಬೆರಳು ತೋರಿಸುವುದಿಲ್ಲ. ‘ನನ್ನ’ ಮನಸ್ಸು ಎನ್ನುತ್ತಾರೆ. ಕಲ್ಯಾಣದ ಭಂಡಾರವನ್ನು ನೋಡಿಕೊಂಡ, ಅಷ್ಟು ಅಚ್ಚುಕಟ್ಟಿನ ಮನುಷ್ಯ ತನ್ನ ಮನ ನಿಲ್ಲುತ್ತಿಲ್ಲವೆಂದು ದೇವರ ಮುಂದೆ ಅಂಗಲಾಚುತ್ತಾರೆ. ಕಾಯಕದ ಹೆಸರಿನಲ್ಲಿ ಆ ಹುಡುಗನನ್ನು ನಾಚಿಸಲು ನನಗೆ ಅಲ್ಲಿ ಯಾವ ಆಧಾರವೂ ಇರಲಿಲ್ಲ.

ಆ ವಚನಗಳು ನಮ್ಮ ಕೈಗೆ ಬಂದುದೂ ಚದುರಿದ್ದನ್ನು ಕೂಡಿಸಿದ ಕಥೆಯೇ. ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು (1880–1964) ಮನೆಮನೆಗಳಲ್ಲಿ ಬಿದ್ದಿದ್ದ ತಾಳೆಗರಿಯ ಕಟ್ಟುಗಳನ್ನು ಹುಡುಕಿ, ಬಿಡಿಬಿಡಿ ಗರಿಗಳನ್ನು ಜೋಡಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಅಚ್ಚು ಹಾಕಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ನಗರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರು 2023ರ ಜನವರಿ 2ರಂದು ಲಿಂಗೈಕ್ಯರಾಗುವವರೆಗೆ ಹಳ್ಳಿಹಳ್ಳಿಗಳಲ್ಲಿ ಪ್ರವಚನ ನೀಡಿದರು. ಅವರ ಅಂಗಿಗೆ ಜೇಬೇ ಇರಲಿಲ್ಲ ಎಂಬುದನ್ನು ಈ ಭಾಗದ ಮಕ್ಕಳೂ ಬಲ್ಲರು.

ಮನಸ್ಸು ಚದುರುವುದನ್ನು ವೈದ್ಯರು ಗಮನಿಸಿದ್ದು ತಡವಾಗಿ. 1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್, ಕೆಲವರು ಒಂದು ವಿಷಯದ ಮೇಲೆ ಗಮನ ನಿಲ್ಲಿಸಲಾರರು, ಅದು ಹುಟ್ಟಿನಿಂದಲೂ ಬಂದಿರಬಹುದು ಎಂದು ಬರೆದರು. ಇಂದು ಎಡಿಎಚ್‌ಡಿ ಎಂದು ಕರೆಯುವ ತೊಂದರೆಯ ಮೊದಲ ವರ್ಣನೆಗಳಲ್ಲಿ ಇದೊಂದು. ಇದು ಮಕ್ಕಳಿಗೆ ಮಾತ್ರ ಬರುವುದಲ್ಲ. ಹಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಕೆಲಸಗಳನ್ನು ಒಪ್ಪವಾಗಿ ಜೋಡಿಸಿಕೊಳ್ಳಲಾಗದಿರುವುದು, ಹೊತ್ತಿನ ಅಂದಾಜು ತಪ್ಪುವುದು, ವಸ್ತುಗಳನ್ನು ಕಳೆದುಕೊಳ್ಳುವುದು ಅದರ ಲಕ್ಷಣಗಳು. ಖಿನ್ನತೆಯಲ್ಲೂ ಇಂಥವು ಕಾಣಿಸಿಕೊಳ್ಳುವುದರಿಂದ ಯಾವುದು ಯಾವುದೆಂದು ವೈದ್ಯರೇ ಹೇಳಬೇಕು.

ಒಳಮಾತಿನ ಬಗೆಗೂ ಹೊಸ ತಿಳಿವಳಿಕೆ ಬಂತು. ರಷ್ಯದ ಲೆವ್ ವಿಗೊಟ್ಸ್‌ಕಿ 1934ರಲ್ಲಿ, ತಾವು ತೀರಿಕೊಂಡ ವರ್ಷವೇ, ಪ್ರಕಟವಾದ ಗ್ರಂಥದಲ್ಲಿ ಮಕ್ಕಳು ಆಡುತ್ತ ಗಟ್ಟಿಯಾಗಿ ತಮಗೆ ತಾವೇ ಹೇಳಿಕೊಳ್ಳುವ ಮಾತು ಕೆಲಸವನ್ನು ನಡೆಸುವ ಚುಕ್ಕಾಣಿ ಎಂದು ತೋರಿಸಿದರು. ಅದೇ ಮುಂದೆ ಮೌನವಾದ ಒಳಮಾತಾಗುತ್ತದೆ. ಅಮೆರಿಕದ ಆರನ್ ಬೆಕ್ 1960ರ ದಶಕದಲ್ಲಿ, ಖಿನ್ನರಾದವರ ತಲೆಯಲ್ಲಿ ತಾನಾಗಿ ಮೂಡುವ ಕಹಿ ಆಲೋಚನೆಗಳನ್ನು ಹಿಡಿದು ಪ್ರಶ್ನಿಸುವ ಚಿಕಿತ್ಸೆಯನ್ನು ರೂಪಿಸಿದರು. ಅದನ್ನು ಓದಿದಾಗ ನನಗೆ ಎವಾಗ್ರಿಯಸರ ಮಾರುತ್ತರ ನೆನಪಾಯಿತು.

ಕನ್ನಡದಲ್ಲಿ ಓದಲು ಏನಿದೆ ಎಂದು ಕೆಲವರು ಕೇಳುತ್ತಾರೆ. ಇದೆ. ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು 1942ರಲ್ಲಿ ಆರಂಭಿಸಿ ನಾಡನ್ನು ನಗಿಸಿದ ‘ರಾಶಿ’, ಅಂದರೆ ಡಾ. ಎಂ. ಶಿವರಾಂ, ವೃತ್ತಿಯಿಂದ ವೈದ್ಯರು. ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮನಸ್ಸಿನ ಒಳಮನೆಗಳನ್ನು ಕನ್ನಡದಲ್ಲೇ ತೆರೆದು ತೋರಿಸಬಹುದೆಂಬುದಕ್ಕೆ ಅದು ಸಾಕ್ಷಿ. ಆದರೆ ನಿಧಾನವಾಗಿ ಓದಬೇಕಾದ ಪುಸ್ತಕ. ಮನೆಮಂದಿಗೆ ನಾನು ಮೊದಲು ಕೊಡುವುದು ನಿಮ್ಹಾನ್ಸ್‌ನಲ್ಲಿ ಮನೋವೈದ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರ ಚಿಕ್ಕ ಪುಸ್ತಕಗಳನ್ನು. ಹತ್ತನೆಯ ತರಗತಿ ಓದಿದ ತಾಯಿಗೂ ಅವು ಅರ್ಥವಾಗುತ್ತವೆ, ಯಾರನ್ನೂ ಹೆದರಿಸುವುದಿಲ್ಲ. (ಮನಶ್ಶಾಸ್ತ್ರದವರಿಗೂ ಕನ್ನಡನಾಡಿಗೂ ಇನ್ನೊಂದು ನಂಟಿದೆ: 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರು.)

ಜೀವನವನ್ನು ಕ್ರಮಕ್ಕೆ ತರಲು ಬಯಸುವವರಿಗೆ ಸಂತ ಇಗ್ನಾಸಿಯವರ ಆಧ್ಯಾತ್ಮಿಕ ಸಾಧನೆಗಳ ಪುಸ್ತಕವನ್ನು ಮರೆಯಲಾಗದು. 1548ರಲ್ಲಿ ಜಗದ್ಗುರು ಮೂರನೆಯ ಪೌಲರ ಮನ್ನಣೆ ಪಡೆದ ಈ ಪುಸ್ತಕದಲ್ಲಿ ಆತ್ಮಶೋಧನೆಗೆ ಗೆರೆ ಎಳೆದು, ಒಂದೇ ಒಂದು ದೋಷವನ್ನು ಆರಿಸಿಕೊಂಡು, ಎಡವಿದಾಗಲೆಲ್ಲ ಚುಕ್ಕಿ ಇಟ್ಟು, ಇಂದನ್ನು ನಿನ್ನೆಯೊಡನೆ ಹೋಲಿಸಿ ನೋಡುವ ಕ್ರಮವಿದೆ. ಎಲ್ಲವನ್ನೂ ಒಮ್ಮೆಗೇ ಸರಿಪಡಿಸು ಎಂದು ಅವರು ಹೇಳುವುದಿಲ್ಲ. 1522ರಲ್ಲಿ ಮನ್ರೇಸದಲ್ಲಿ ಪಾಪಭೀತಿಯ ಸಂಶಯಗಳಿಂದ ನರಳಿ, ಪ್ರಾಣವನ್ನೇ ಬಿಡಬೇಕೆನ್ನಿಸಿದ ದಿನಗಳನ್ನು ದಾಟಿ ಬಂದವರು ಅವರು.

ಧರ್ಮಸಭೆಯೂ ಈ ವಿಷಯದಲ್ಲಿ ಸ್ಪಷ್ಟವಾಗಿ ಮಾತನಾಡಿದೆ. 1992ರ ಕಥೋಲಿಕ ಧರ್ಮಸಭೆಯ ಧರ್ಮೋಪದೇಶದ 1735ನೆಯ ಪರಿಚ್ಛೇದವು, ಭಯ, ಅಭ್ಯಾಸಬಲ ಮತ್ತು ಮಾನಸಿಕ ಕಾರಣಗಳಿಂದ ಮನುಷ್ಯನ ಹೊಣೆಗಾರಿಕೆ ಕಡಿಮೆಯಾಗಬಹುದು, ಇಲ್ಲವಾಗಲೂಬಹುದು ಎನ್ನುತ್ತದೆ. ಆ ಪುಸ್ತಕ ನನ್ನ ಮೇಜಿನ ಮೇಲೆಯೇ ಇತ್ತು.

ಕೆಲವು ತಿಂಗಳ ಬಳಿಕ ನಾನೇ ಆ ಮನೆಗೆ ಹೋಗಿ, ಅಂದು ಆಡಿದ ಮಾತಿಗೆ ಹುಡುಗನ ಕ್ಷಮೆ ಕೇಳಿದೆ. ವಿಜಯಪುರದ ಮನೋವೈದ್ಯರೊಬ್ಬರ ಬಳಿ ಹೋಗುವಂತೆ ತಾಯಿಯನ್ನು ಒಪ್ಪಿಸಲು ಎರಡು ಭೇಟಿಗಳು ಬೇಕಾದವು. “ಧಾರವಾಡದ ಆಸ್ಪತ್ರಿ ಅಂತ ಜನ ಆಡ್ಕೊಂಡ್ರ ಏನ್ ಮಾಡ್ಲ್ರೀ?” ಎಂಬುದು ಅವರ ಅಳುಕು. ಮನೆಯಿಂದಲೇ ಕನ್ನಡದಲ್ಲಿ ಮಾತನಾಡಬಹುದಾದ, ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಅವರ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟೆ. ಮೊದಲು ಅಲ್ಲಿಗೆ ಮಾತನಾಡಿದ ಮೇಲೆಯೇ ಅವರು ವಿಜಯಪುರದ ಬಸ್ಸು ಹತ್ತಿದ್ದು.

ಹುಡುಗನಿಗೆ ಈಗ ಚಿಕಿತ್ಸೆ ನಡೆದಿದೆ. ಮೋಟಾರು ಬಂದ್ ಮಾಡುವುದನ್ನು ಇನ್ನೂ ಕೆಲವೊಮ್ಮೆ ಮರೆಯುತ್ತಾನೆ. ಕಳೆದ ಸಲ ಹೋದಾಗ ತಾಯಿ ನನ್ನನ್ನು ಬದಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: “ಫಾದರ್, ತೋಟದಾಗ ಒಬ್ಬನ ಮಾತಾಡ್ಕೋತ ಓಡಾಡ್ತಾನ್ರೀ. ಮದಲ ನೀರು, ಆಮ್ಯಾಲ ಮೋಟಾರ, ಆಮ್ಯಾಲ ಊಟ ಅಂತಾನ. ಮತ್ತೇನರ ಆಗೇತೇನ್ರೀ?”

ಆಡಲಿ ಬಿಡಿ ತಾಯಿ, ಎಂದೆ.